ಚಪ್ಪಲಿ ಕದ್ದ ಅಲೆ

ಕಳೆದ ಏಪ್ರಿಲ್‌ನ ಒಂದು ಭಾನುವಾರ ಬೆಳಿಗ್ಗೆ ಮರವಂತೆಯ ಕಡಲು ನನ್ನ ಎಡಗಾಲಿನ ಚಪ್ಪಲಿಯನ್ನು ಎತ್ತಿಕೊಂಡು ಹೋಯಿತು. ಹೊಸದೇನಲ್ಲ, ನೀಲಿ ಬಾರಿನ ಹವಾಯಿ ಚಪ್ಪಲಿ. ಎರಡನ್ನೂ ಒಣ ಮರಳಿನ ಮೇಲೆ ಬಿಟ್ಟು ಕೂತಿದ್ದೆ. ಅರ್ಧ ಗಂಟೆಯಿಂದ ಅಷ್ಟು ದೂರ ಬಾರದಿದ್ದ ನೀರು ಒಮ್ಮೆ ಮಾತ್ರ ಸದ್ದಿಲ್ಲದೆ ಮೇಲಕ್ಕೆ ಹರಿದು ಬಂತು. ನಾನು ಎದ್ದು ನಿಲ್ಲುವಷ್ಟರಲ್ಲಿ ಬಲಗಾಲಿನದು ಮರಳಲ್ಲಿ ಅರ್ಧ ಹೂತಿತ್ತು. ಎಡಗಾಲಿನದು ನೊರೆಯ ಜೊತೆ ವಾಪಸ್ ಹೊರಟಿತ್ತು.

ಒಂದೆರಡು ನಿಮಿಷದಲ್ಲಿ ಅದು ಅಲೆ ಒಡೆಯುವ ಜಾಗವನ್ನೂ ದಾಟಿ ಆಚೆ ಹೋಯಿತು. ಅಲ್ಲಿಂದ ನನಗೆ ಚೆನ್ನಾಗಿ ಕಾಣುತ್ತಿತ್ತು. ಹೇಗೂ ಅಲೆಗಳೆಲ್ಲ ದಡಕ್ಕೇ ಬರುತ್ತಿವೆಯಲ್ಲ, ಯಾವುದಾದರೊಂದು ಹೊತ್ತು ತಂದೇ ತರುತ್ತದೆ ಅಂತ ನಿಂತೆ. ಒಂದು ಅಲೆ ಬಂತು. ಚಪ್ಪಲಿ ಮೇಲೆದ್ದಿತು, ಸ್ವಲ್ಪ ಮುಂದೆ ಬಂತು, ಕೆಳಗಿಳಿಯಿತು, ಬಂದಷ್ಟೇ ಹಿಂದೆ ಹೋಯಿತು. ಅಲೆ ಮಾತ್ರ ಅದರ ಕೆಳಗಿನಿಂದ ನುಸುಳಿ ದಡಕ್ಕೆ ಬಂದು ಒಡೆಯಿತು. ಇನ್ನೊಂದು ಬಂತು. ಅದೇ ಕತೆ. ಹತ್ತು ಅಲೆ ಹೋದವು, ಇಪ್ಪತ್ತು ಹೋದವು. ಚಪ್ಪಲಿ ಇದ್ದಲ್ಲೇ ಇತ್ತು. ಸುಮ್ನೆ ತೊಟ್ಟಿಲಲ್ಲಿ ಕೂತ ಮಗುವಿನ ಹಾಗೆ.

ಭಾವ ರಸ್ತೆ ಬದಿಯಿಂದಲೇ ಕೂಗಿದರು: "ಬಿಡು ಮಾರಾಯ, ಅದು ಬರುವುದಿಲ್ಲ."

ಪಕ್ಕದಲ್ಲಿ ಕೈರಂಪಣಿಯ ಬಲೆಯನ್ನು ಬಿಡಿಸುತ್ತಿದ್ದ ಅಜ್ಜ ಒಬ್ಬರು ನನ್ನನ್ನೂ ಚಪ್ಪಲಿಯನ್ನೂ ನೋಡಿ ನಕ್ಕರು. "ಅಲೆ ಹೋಪ್ದ್ ಬೇರೆ, ನೀರ್ ಹೋಪ್ದ್ ಬೇರೆ ಮಾರಾಯ್ರೆ," ಅಂದರು.

ಪಿಯುಸಿಯಲ್ಲಿ ಇದೇ ಮಾತನ್ನು ನಾನು ಎರಡು ಅಂಕಕ್ಕೆ ಬರೆದಿದ್ದೆ. ಮಾಧ್ಯಮದ ಕಣಗಳು ತಮ್ಮ ಸ್ಥಾನದಲ್ಲೇ ಆಂದೋಲನಗೊಳ್ಳುತ್ತಾ ಶಕ್ತಿಯನ್ನು ಮಾತ್ರ ಮುಂದಕ್ಕೆ ಸಾಗಿಸುವ ಕ್ಷೋಭೆಯೇ ತರಂಗ. ಎರಡಕ್ಕೆ ಎರಡು ಬಂದಿತ್ತು. ಬರೆದ ಮಾತು ನಿಜವಾಗಿ ತಲೆಗೆ ಹೋಗಿದ್ದರೆ ಅವತ್ತು ಬಿಸಿಲಲ್ಲಿ ಬರಿಗಾಲಲ್ಲಿ ಕಾಯುತ್ತಾ ನಿಲ್ಲುತ್ತಿರಲಿಲ್ಲ ಅಲ್ವಾ?

ನಮ್ಮ ಭಾಷೆಯೂ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. 'ಅಲೆ' ಅಂದರೆ ತೆರೆ, 'ಅಲೆ' ಅಂದರೆ ಸುತ್ತಾಡು. ಹಾಗಾಗಿ ನೀರೇ ಎಲ್ಲಿಂದಲೋ ಅಲೆದುಕೊಂಡು ಬರುತ್ತಿದೆ ಅಂತ ಮನಸ್ಸು ನಂಬಿಬಿಡುತ್ತದೆ. ಆದರೆ ಅಲೆದಾಡುವುದು ನೀರಲ್ಲ. ತೆನೆ ಬಿಟ್ಟ ಗದ್ದೆಯ ಮೇಲೆ ಗಾಳಿ ಬೀಸಿದಾಗ ಈ ಅಂಚಿನಿಂದ ಆ ಅಂಚಿಗೆ ಏನೋ ಒಂದು ಓಡಿ ಹೋಗುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಬತ್ತದ ಗಿಡ ಒಂದೂ ಬೇರು ಬಿಟ್ಟು ಎದ್ದಿರುವುದಿಲ್ಲ. ಓಡಿದ್ದು ಬಾಗುವಿಕೆ.

ಅಜ್ಜನ ಮಾತು ಕೇಳಿದ ಮೇಲೆ ನಾನು ಚಪ್ಪಲಿಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಅದು ಬರೀ ಮೇಲೆ ಕೆಳಗೆ ಹೋಗುತ್ತಿರಲಿಲ್ಲ. ಅಲೆಯ ಉಬ್ಬು ಬಂದಾಗ ದಡದ ಕಡೆಗೆ ಜರುಗುತ್ತಿತ್ತು, ತಗ್ಗು ಬಂದಾಗ ಕಡಲ ಕಡೆಗೆ. ಏರು, ಮುಂದೆ, ಇಳಿ, ಹಿಂದೆ. ಅಂದರೆ ಒಂದು ಸುತ್ತು. ಆಳದ ಕಡಲಿನಲ್ಲಿ ನೀರಿನ ಪ್ರತಿ ಹನಿಯೂ ಹೀಗೆ ಗಾಣದೆತ್ತಿನ ಹಾಗೆ ವೃತ್ತದಲ್ಲಿ ತಿರುಗುತ್ತದೆ. ಆಳಕ್ಕೆ ಇಳಿದಂತೆ ಆ ವೃತ್ತ ಚಿಕ್ಕದಾಗುತ್ತಾ ಹೋಗುತ್ತದೆ. ಒಂದು ಉಬ್ಬಿನಿಂದ ಇನ್ನೊಂದು ಉಬ್ಬಿಗೆ ಇರುವ ದೂರದ ಅರ್ಧದಷ್ಟು ಕೆಳಗಿಳಿದರೆ, ಮೇಲಿನ ಕುಣಿತದ ನೂರಕ್ಕೆ ನಾಲ್ಕು ಪಾಲು ಮಾತ್ರ ಉಳಿದಿರುತ್ತದೆ. ಮೇಲೆ ಬಿರುಗಾಳಿ ಇದ್ದರೂ ಜಲಾಂತರ್ಗಾಮಿಯೊಳಗಿನ ಲೋಟದ ಚಹಾ ಚೆಲ್ಲದೆ ಇರುವುದು ಇದಕ್ಕೇ. ಲೆಕ್ಕಕ್ಕೆ ಕೂತರೆ ಆ ವೃತ್ತ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಪ್ರತಿ ಸುತ್ತಿಗೂ ಒಂಚೂರು ಮುಂದೆ ಜಾರುತ್ತದೆ. ಆದರೆ ನನ್ನ ಚಪ್ಪಲಿ ವಾಪಸ್ ಬರಲು ಅಷ್ಟು ಜಾರಿದರೆ ಸಾಲದು.

ಮರವಂತೆ ನೋಡಿದವರಿಗೆ ಗೊತ್ತು, ಅಲ್ಲಿ ಹೆದ್ದಾರಿಯ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ನಡುವೆ ರಸ್ತೆ. ಎಲ್ಲರೂ ಫೋಟೋ ತೆಗೆದುಕೊಳ್ಳುವುದು ಇದಕ್ಕೇ. ನನಗೆ ಅವತ್ತು ಬೇರೆಯೇ ಒಂದು ಕಂಡಿತು. ಹೊಳೆಯ ಮೇಲೂ ಅಲೆಗಳಿದ್ದವು. ಗೇಣುದ್ದದವು, ಒಂದರ ಹಿಂದೆ ಒಂದು ಅವಸರದಲ್ಲಿ ಓಡುವಂಥವು. ಆ ಕ್ಷಣದ ಗಾಳಿ ಎಬ್ಬಿಸಿದವು ಅವು. ಗಾಳಿ ನಿಂತರೆ ಅವೂ ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತವೆ. ಕಡಲಿನ ಕಡೆ ತಿರುಗಿದರೆ, ಅದೇ ಗಾಳಿ, ಅದೇ ಬೆಳಿಗ್ಗೆ. ಆದರೆ ಅಲ್ಲಿ ದಪ್ಪ, ನಯವಾದ, ಆತುರವಿಲ್ಲದ ಅಲೆಗಳು. ಗಾಳಿ ಇಷ್ಟು ಕಡಿಮೆ ಇರುವಾಗ ಇಷ್ಟು ಭಾರದ ಅಲೆ ಎಬ್ಬಿಸಿದವರು ಯಾರು?

ಮೊಬೈಲಿನ ಸ್ಟಾಪ್‌ವಾಚ್ ಹಾಕಿ ಎಣಿಸಿದೆ. ಹೇಗೂ ಮಾಡಲು ಬೇರೆ ಕೆಲಸ ಇರಲಿಲ್ಲ. ಹತ್ತು ಅಲೆಗೆ 2 ನಿಮಿಷ 20 ಸೆಕೆಂಡು. ಅಂದರೆ ಒಂದು ಅಲೆಗೂ ಮುಂದಿನದಕ್ಕೂ 14 ಸೆಕೆಂಡು. ಇದನ್ನು ಅಲೆಯ ಅವಧಿ ಅನ್ನುತ್ತಾರೆ. ಇದು ಬಹಳ ಮುಖ್ಯವಾದ ಅಂಕಿ. ಅಲೆ ದಾರಿಯಲ್ಲಿ ತನ್ನ ಎತ್ತರ ಬದಲಿಸುತ್ತದೆ, ವೇಗ ಬದಲಿಸುತ್ತದೆ, ಉದ್ದವನ್ನೂ ಬದಲಿಸುತ್ತದೆ. ಅವಧಿಯನ್ನು ಮಾತ್ರ ಹುಟ್ಟುಮಚ್ಚೆಯ ಹಾಗೆ ಕೊನೆಯವರೆಗೂ ಇಟ್ಟುಕೊಂಡಿರುತ್ತದೆ.

ಆ ಮಚ್ಚೆ ಹಿಡಿದು ಅದರ ಊರು ಹುಡುಕಬಹುದು. ಆಳದ ಸಮುದ್ರದಲ್ಲಿ ಅಲೆಯ ವೇಗ ಅಂದಾಜಿಗೆ ಅವಧಿಯ 1.56 ಪಟ್ಟು, ಸೆಕೆಂಡಿಗೆ ಇಷ್ಟು ಮೀಟರ್ ಅಂತ. 14 ಸೆಕೆಂಡಿನ ಅಲೆಗೆ ಸೆಕೆಂಡಿಗೆ ಸುಮಾರು 22 ಮೀಟರ್, ಅಂದರೆ ಗಂಟೆಗೆ 79 ಕಿಲೋಮೀಟರ್. ಉಬ್ಬಿನಿಂದ ಉಬ್ಬಿಗೆ 300 ಮೀಟರಿಗೂ ಜಾಸ್ತಿ ದೂರ. ನಾಲ್ಕು ಸೆಕೆಂಡಿನ ಅಲೆಗೋ, ಉದ್ದ ಬರೀ 25 ಮೀಟರ್, ವೇಗ ಗಂಟೆಗೆ 22 ಕಿಲೋಮೀಟರ್. ನೀರಿನ ಮೇಲೆ ಉದ್ದ ಅಲೆ ಜೋರಾಗಿ ಓಡುತ್ತದೆ, ಗಿಡ್ಡ ಅಲೆ ಹಿಂದುಳಿಯುತ್ತದೆ.

ಇಲ್ಲೊಂದು ವಿಚಿತ್ರ ಇದೆ. ಅದನ್ನು ನೋಡಲು ಕಡಲಿಗೆ ಹೋಗಬೇಕಿಲ್ಲ, ಊರ ಕೆರೆ ಸಾಕು. ಮುಷ್ಟಿ ಗಾತ್ರದ ಕಲ್ಲೊಂದನ್ನು ನಿಂತ ನೀರಿಗೆ ಎಸೆಯಿರಿ. ಉಂಗುರಗಳು ಹರಡುತ್ತವೆ, ಅದು ಎಲ್ಲರಿಗೂ ಗೊತ್ತು. ಈಗ ಎಲ್ಲಕ್ಕಿಂತ ಹೊರಗಿನ ದೊಡ್ಡ ಉಂಗುರದ ಮೇಲೆ ಕಣ್ಣಿಟ್ಟು ಅದರ ಜೊತೆಗೇ ಹೋಗಿ. ಸ್ವಲ್ಪ ದೂರ ಹೋದ ಮೇಲೆ ಅದು ಕರಗಿಬಿಡುತ್ತದೆ. ಅದರ ಹಿಂದಿನದು ಮುಂದೆ ಬರುತ್ತದೆ, ಅದೂ ಕರಗುತ್ತದೆ. ಒಳಗಡೆ ಮಾತ್ರ ಹೊಸ ಉಂಗುರಗಳು ಹುಟ್ಟುತ್ತಲೇ ಇರುತ್ತವೆ. ಒಂದೊಂದು ಅಲೆಯೂ ಗುಂಪಿನ ಬಾಲದಲ್ಲಿ ಹುಟ್ಟಿ, ಗುಂಪಿನ ಮೂಲಕ ಓಡಿ, ತಲೆಯ ಹತ್ತಿರ ಸಾಯುತ್ತದೆ. ಇಡೀ ಗುಂಪು ಒಂದೊಂದು ಅಲೆಯ ಅರ್ಧ ವೇಗದಲ್ಲಿ ನಿಧಾನಕ್ಕೆ ಸಾಗುತ್ತದೆ. ಶಕ್ತಿ ಹೋಗುವುದು ಗುಂಪಿನ ಜೊತೆಗೆ. ನಾನು ಇದನ್ನು ಓದಿ ತಿಳಿದದ್ದು ಎಷ್ಟೋ ವರ್ಷದ ಹಿಂದೆ, ಕೆರೆಯಲ್ಲಿ ಕಣ್ಣಾರೆ ಕಂಡದ್ದು ಈ ವರ್ಷ. ಐದಾರು ಕಲ್ಲು ಎಸೆದ ಮೇಲೆ ಕಣ್ಣು ಪಳಗುತ್ತದೆ. (ಚಿಕ್ಕ ಕಲ್ಲು ಹಾಕಬೇಡಿ. ಎರಡು ಸೆಂಟಿಮೀಟರಿಗಿಂತ ಗಿಡ್ಡವಾದ ಕಿರು ಅಲೆಗಳನ್ನು ಆಳುವುದು ನೀರಿನ ಮೇಲ್ಮೈಯ ಬಿಗಿತ. ಅಲ್ಲಿ ನಿಯಮ ಉಲ್ಟಾ.)

ಹಾಗಾದರೆ ನನ್ನ 14 ಸೆಕೆಂಡಿನ ಅಲೆಗಳ ಗುಂಪು ಬಂದದ್ದು ಗಂಟೆಗೆ 39 ಕಿಲೋಮೀಟರ್ ವೇಗದಲ್ಲಿ. ಲೂನಾದಲ್ಲಿ ಬಂದ ಹಾಗೆ. ಇಷ್ಟು ಉದ್ದದ ಅಲೆ ಎಬ್ಬಿಸಲು ನೂರಾರು ಕಿಲೋಮೀಟರ್ ಉದ್ದಕ್ಕೂ ದಿನಗಟ್ಟಲೆ ಬೀಸುವ ಬಿರುಗಾಳಿ ಬೇಕು. ಏಪ್ರಿಲ್‌ನಲ್ಲಿ ನಮ್ಮ ಅರಬ್ಬಿ ಸಮುದ್ರದಲ್ಲಿ ಅಂಥ ಗಾಳಿ ಇರುವುದಿಲ್ಲ. ಅದು ಇರುವುದು ಭೂಮಧ್ಯರೇಖೆಯನ್ನೂ ದಾಟಿ ತೀರಾ ದಕ್ಷಿಣಕ್ಕೆ, ಅಂಟಾರ್ಕ್ಟಿಕಾದ ಮೇಲ್ಗಡೆ. ಅಲ್ಲಿ ಭೂಮಿಯನ್ನು ಸುತ್ತಿಕೊಂಡು ಬೀಸುವ ಗಾಳಿಗೆ ಅಡ್ಡ ಬರುವ ನೆಲವೇ ಇಲ್ಲ. ಮರವಂತೆಯಿಂದ ಅಲ್ಲಿಗೆ ಆರೂವರೆ ಸಾವಿರ ಕಿಲೋಮೀಟರ್ ಅಂತ ಇಟ್ಟುಕೊಂಡರೆ, ಗಂಟೆಗೆ 39ರ ಲೆಕ್ಕದಲ್ಲಿ ಏಳು ದಿನ. ನನ್ನ ಚಪ್ಪಲಿಗೆ ಕೈಹಾಕಿದ ಅಲೆಗಳು ಹೆಚ್ಚುಕಡಿಮೆ ಹಿಂದಿನ ಭಾನುವಾರ ಹೊರಟಿದ್ದವು. ಆ ಭಾನುವಾರ ನಾನು ಬೆಂಗಳೂರಿನಲ್ಲಿ ಟ್ಯಾಂಕರ್ ನೀರಿಗೆ ಕಾಯುತ್ತಿದ್ದೆ. ಬಸ್ ಟಿಕೆಟ್ ಕೂಡ ತೆಗೆದಿರಲಿಲ್ಲ.

ಇದು ನನ್ನ ಕಟ್ಟುಕತೆ ಅಂದುಕೊಳ್ಳಬೇಡಿ. 1963ರಲ್ಲಿ ವಾಲ್ಟರ್ ಮಂಕ್ ಎಂಬ ಸಮುದ್ರ ವಿಜ್ಞಾನಿ ತನ್ನ ತಂಡದ ಜೊತೆ ಇದನ್ನೇ ಅಳೆದು ತೋರಿಸಿದ. ನ್ಯೂಜಿಲೆಂಡಿನಿಂದ ಅಲಾಸ್ಕಾದವರೆಗೆ ಶಾಂತಸಾಗರದ ಉದ್ದಕ್ಕೂ ಆರು ಕಡೆ ಅಳತೆ ಮಾಡುವ ಸಾಧನ ಇಟ್ಟರು. ಮಂಕ್ ತಾನು ಹೆಂಡತಿ ಮಕ್ಕಳ ಜೊತೆ ಸಮೋವಾ ದ್ವೀಪದಲ್ಲಿ ಕೂತ. ದಕ್ಷಿಣದಲ್ಲಿ ಬಿರುಗಾಳಿ ಎದ್ದರೆ, ಅದರ ಅಲೆಗಳು ಒಂದೊಂದೇ ಠಾಣೆ ದಾಟುತ್ತಾ ಹತ್ತು ಸಾವಿರ ಕಿಲೋಮೀಟರಿಗೂ ಆಚೆ ಅಲಾಸ್ಕಾ ತಲುಪುವುದನ್ನು ಹಿಂಬಾಲಿಸಿದರು. ಬಿರುಗಾಳಿಯ ಜಾಗ ಬಿಟ್ಟ ಮೇಲೆ ದಾರಿಯಲ್ಲಿ ಅವು ಕಳೆದುಕೊಂಡ ಶಕ್ತಿ ತೀರಾ ಕಡಿಮೆ. ಉದ್ದ ಅಲೆ ಮೊದಲು, ಗಿಡ್ಡ ಅಲೆ ಆಮೇಲೆ. ಎಷ್ಟು ಅಂತರ ಬಿಟ್ಟು ಬಂದವು ಅಂತ ನೋಡಿದರೆ ಎಷ್ಟು ದೂರದಿಂದ ಹೊರಟವು ಅಂತ ಗೊತ್ತಾಗುತ್ತದೆ. ಇಪ್ಪತ್ತು ಸೆಕೆಂಡಿನವು ಎಂಟು ಸಾವಿರ ಕಿಲೋಮೀಟರ್ ದಾಟಲು ಆರು ದಿನ ತೆಗೆದುಕೊಂಡರೆ, ಹತ್ತು ಸೆಕೆಂಡಿನವು ಹನ್ನೆರಡು ದಿನ. ಮಂಕ್ 2019ರಲ್ಲಿ ತೀರಿಕೊಂಡ, 101 ವರ್ಷ ಬದುಕಿ. ಒಂದೇ ಸಂಗತಿಯನ್ನು ಇಷ್ಟು ವರ್ಷ ಬೇಸರವಿಲ್ಲದೆ ನೋಡುತ್ತಾ ಇರಬಹುದು ಅಂತಾದರೆ ಅದು ಕಡಲೇ ಇರಬೇಕು.

ನಮ್ಮ ನೆರೆಯ ಕೇರಳದಲ್ಲಿ ಇದಕ್ಕೊಂದು ಹೆಸರೇ ಇದೆ, 'ಕಳ್ಳಕ್ಕಡಲ್'. ಕಳ್ಳನ ಹಾಗೆ ಬರುವ ಕಡಲು. ಗಾಳಿಯಿಲ್ಲ, ಮಳೆಯಿಲ್ಲ, ಆಕಾಶ ತಿಳಿಯಾಗಿದೆ. ನೀರು ಮಾತ್ರ ಅಂಗಳಕ್ಕೆ ನುಗ್ಗುತ್ತದೆ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರ ಈಗ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಟ ಅಲೆ ಇಲ್ಲಿಗೆ ಬರಲು ದಿನಗಟ್ಟಲೆ ಬೇಕಲ್ಲ, ಹಾಗಾಗಿ ಹೇಳಲು ಪುರುಸೊತ್ತು ಸಿಗುತ್ತದೆ. ಸುನಾಮಿಗೆ ಆ ಪುರುಸೊತ್ತು ಇಲ್ಲ. ನಾಲ್ಕು ಕಿಲೋಮೀಟರ್ ಆಳದ ಸಮುದ್ರದಲ್ಲಿ ಅದು ಗಂಟೆಗೆ 700 ಕಿಲೋಮೀಟರಿನ ಮೇಲೆ ಓಡುತ್ತದೆ.

ಕರಾವಳಿಯಲ್ಲಿ ನಿಂತು ನೋಡಿದವರು ಇನ್ನೊಂದನ್ನು ಗಮನಿಸಿರುತ್ತೀರಿ. ಅಲೆಗಳು ಯಾವ ದಿಕ್ಕಿನಿಂದ ಹೊರಟಿರಲಿ, ದಡಕ್ಕೆ ಬರುವಾಗ ಮಾತ್ರ ಹೆಚ್ಚುಕಡಿಮೆ ನೇರ ನಮ್ಮ ಎದುರಿಗೇ ಬರುತ್ತವೆ. ದಕ್ಷಿಣದಿಂದ ಬಂದದ್ದು ಓರೆಯಾಗಿ ಬರಬೇಕಿತ್ತು ಅಲ್ವಾ? ಕಾರಣ ಸರಳ. ನೀರಿನ ಆಳ ಕಡಿಮೆಯಾದಂತೆ ಅಲೆ ನಿಧಾನ. ನನ್ನ 79 ಕಿಲೋಮೀಟರ್ ವೇಗದ ಅಲೆ ಎರಡು ಮೀಟರ್ ಆಳಕ್ಕೆ ಬರುವಷ್ಟರಲ್ಲಿ 16ಕ್ಕೆ ಇಳಿದಿರುತ್ತದೆ. ಓರೆಯಾಗಿ ಬರುವ ಅಲೆಯ ಒಂದು ತುದಿ ಮೊದಲು ತೆಳು ನೀರಿಗೆ ಬಂದು ನಿಧಾನವಾಗುತ್ತದೆ, ಇನ್ನೊಂದು ತುದಿ ಆಳದಲ್ಲಿ ಇನ್ನೂ ಓಡುತ್ತಿರುತ್ತದೆ. ಎತ್ತಿನ ಗಾಡಿಯ ಒಂದು ಚಕ್ರ ಕೆಸರಿಗೆ ಇಳಿದರೆ ಗಾಡಿ ಆ ಕಡೆಗೇ ತಿರುಗುತ್ತದಲ್ಲ, ಹಾಗೆ. ಯಾವ ಅಲೆಯಾದರೂ ಅಷ್ಟೇ, ವೇಗ ಕಡಿಮೆ ಇರುವ ಕಡೆಗೆ ಬಾಗುತ್ತದೆ. ಪಾಠದಲ್ಲಿ ವಕ್ರೀಭವನ ಅಂತ ಗಾಜಿನ ಚೌಕದ ಚಿತ್ರ ಬರೆದು ಬರೆದು ಸಾಕಾಗಿತ್ತು. ಅದರ ಬದಲು ಒಂದು ದಿನ ನಮ್ಮನ್ನೆಲ್ಲ ಕಡಲ ತೀರಕ್ಕೆ ಕರೆದುಕೊಂಡು ಹೋಗಿದ್ದರೆ ಸಾಕಿತ್ತು.

ನಿಧಾನವಾದ ಅಲೆಗೆ ಹಿಂದಿನಿಂದ ಶಕ್ತಿ ಬಂದು ಸೇರುತ್ತಲೇ ಇರುತ್ತದೆ. ಅದು ಇಕ್ಕಟ್ಟಾಗಿ ಮೇಲಕ್ಕೆ ಏಳುತ್ತದೆ. ಕೊನೆಗೆ ನೀರಿನ ಆಳ ಅಲೆಯ ಎತ್ತರದ ಒಂದೂಕಾಲು ಪಟ್ಟಿನ ಹತ್ತಿರ ಬಂದಾಗ ತಲೆ ಮುಂದೆ ಬಾಗಿ ಒಡೆಯುತ್ತದೆ. ಅಲ್ಲಿಯವರೆಗೆ ಸುತ್ತುತ್ತಿದ್ದ ನೀರು ಈಗ ನಿಜವಾಗಿಯೂ ಮುಂದೆ ನುಗ್ಗುತ್ತದೆ. ಒಡೆದ ಅಲೆ ವಸ್ತುವನ್ನು ಹೊತ್ತು ತರುತ್ತದೆ. ನನ್ನ ಚಪ್ಪಲಿಗೆ ಇದ್ದದ್ದು ಒಂದೇ ಸಮಸ್ಯೆ, ಅದು ಒಡೆಯುವ ಗೆರೆಯಿಂದ ಹತ್ತು ಮಾರು ಆಚೆ ಇತ್ತು.

ಈ ಶಕ್ತಿಯ ಲೆಕ್ಕ ಮಳೆಗಾಲದಲ್ಲಿ ಅರ್ಥವಾಗುತ್ತದೆ. ಅಲೆಯ ಶಕ್ತಿ ಅದರ ಎತ್ತರದ ವರ್ಗದಂತೆ ಏರುತ್ತದೆ. ಎತ್ತರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಬೇಸಿಗೆಯಲ್ಲಿ ಅರ್ಧ ಮೀಟರ್ ಇದ್ದದ್ದು ಜೂನ್, ಜುಲೈನಲ್ಲಿ ಮೂರು ಮೀಟರ್ ಆಯಿತು ಅಂದುಕೊಳ್ಳಿ. ಎತ್ತರ ಆರು ಪಟ್ಟು, ಹೊಡೆತ ಮೂವತ್ತಾರು ಪಟ್ಟು. ಪ್ರತಿ ವರ್ಷ ಪೇಪರಿನಲ್ಲಿ 'ಕಡಲ್ಕೊರೆತ' ಅಂತ ಬರುವ ಸುದ್ದಿಯ ಹಿಂದೆ ಈ ಗುಣಾಕಾರ ಇದೆ. ತೆಂಗಿನ ಮರ ಬುಡಮೇಲಾಗುತ್ತದೆ, ಲೋಡುಗಟ್ಟಲೆ ಕಲ್ಲು ತಂದು ಸುರಿಯುತ್ತಾರೆ, ಮುಂದಿನ ವರ್ಷ ಆ ಕಲ್ಲೂ ಕೂತುಹೋಗುತ್ತದೆ.

ಅಂದ ಹಾಗೆ, ಏಳನೇ ಅಲೆ ದೊಡ್ಡದು ಅಂತ ಚಿಕ್ಕಂದಿನಲ್ಲಿ ಯಾರೋ ಹೇಳಿದ್ದರು. ಚಪ್ಪಲಿ ಕಳೆದುಕೊಂಡ ಸಿಟ್ಟಿನಲ್ಲಿ ಅದನ್ನೂ ಎಣಿಸಿದೆ. ಒಮ್ಮೆ ಐದನೆಯದು, ಒಮ್ಮೆ ಹನ್ನೊಂದನೆಯದು. ಆದರೆ ಮಾತಿನಲ್ಲಿ ಹುರುಳಿಲ್ಲದಿಲ್ಲ. ನಾಲ್ಕಾರು ದೊಡ್ಡವು ಒಟ್ಟಿಗೆ ಬರುತ್ತವೆ, ಆಮೇಲೆ ಸ್ವಲ್ಪ ಹೊತ್ತು ಬರೀ ಚಿಕ್ಕವು. ಕಡಲಿನಲ್ಲಿ ಒಂದೇ ಅಲೆಸಾಲು ಇರುವುದಿಲ್ಲ. 14 ಸೆಕೆಂಡಿನದು, 13 ಸೆಕೆಂಡಿನದು, ಸ್ಥಳೀಯ ಗಾಳಿಯ ನಾಲ್ಕು ಸೆಕೆಂಡಿನದು, ಎಲ್ಲವೂ ಒಂದೇ ನೀರಿನ ಮೇಲೆ ಓಡಾಡುತ್ತಿರುತ್ತವೆ. ಉಬ್ಬಿನ ಮೇಲೆ ಉಬ್ಬು ಬಿದ್ದರೆ ದೊಡ್ಡ ಉಬ್ಬು, ಉಬ್ಬಿನ ಮೇಲೆ ತಗ್ಗು ಬಿದ್ದರೆ ಎರಡೂ ಅಡಗುತ್ತವೆ. ತಂಬೂರಿಯ ಎರಡು ತಂತಿ ಒಂಚೂರು ಶ್ರುತಿ ತಪ್ಪಿದ್ದರೆ ನಾದ ಏರಿ ಇಳಿದು ಮಿಡಿಯುತ್ತದಲ್ಲ, ಅದೂ ಇದೇ. ನನಗೆ ಇದರಲ್ಲಿ ಹಿಡಿಸುವುದು ಮುಂದಿನ ಭಾಗ. ಎರಡು ಕಲ್ಲು ಡಿಕ್ಕಿ ಹೊಡೆದರೆ ಎರಡರಲ್ಲೂ ಗುರುತು ಉಳಿಯುತ್ತದೆ. ಎರಡು ಅಲೆ ಎದುರಾದರೆ ಕ್ಷಣಕಾಲ ಕೂಡಿ, ಒಂದರೊಳಗೊಂದು ಹಾದು, ಏನೂ ಆಗದ ಹಾಗೆ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಮದುವೆ ಮನೆಯಲ್ಲಿ ವಾಲಗ ಊದುತ್ತಿರುವಾಗಲೂ ಪಕ್ಕದವರ ಗುಸುಗುಸು ನಮಗೆ ತಲುಪುವುದು ಹೀಗೆಯೇ.

ಅವತ್ತು ರಾತ್ರಿ ಅಕ್ಕನ ಮನೆಯಲ್ಲಿ ಮಲಗಿದ್ದೆ. ಕಡಲಿನಿಂದ ಒಂದೂವರೆ ಕಿಲೋಮೀಟರ್ ಒಳಗೆ. ಹಗಲಿನಲ್ಲಿ ಅಲ್ಲಿ ಕಡಲಿದೆ ಅಂತ ಗೊತ್ತೇ ಆಗುವುದಿಲ್ಲ. ರಾತ್ರಿ ಹತ್ತರ ಮೇಲೆ ಮೊರೆತ ಕೇಳತೊಡಗುತ್ತದೆ. ಊರು ಮಲಗಿದ್ದಕ್ಕೆ ಅಂತ ನಾನು ಅಂದುಕೊಂಡಿದ್ದೆ. ಅದೂ ಹೌದು. ಆದರೆ ಅಷ್ಟೇ ಅಲ್ಲ. ರಾತ್ರಿ ನೆಲ ತಣ್ಣಗಾಗಿ, ನೆಲಕ್ಕೆ ಹತ್ತಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆ ಗಾಳಿಯಲ್ಲಿ ಶಬ್ದ ನಿಧಾನ. ನಿಧಾನ ಇರುವ ಕಡೆಗೆ ಅಲೆ ಬಾಗುತ್ತದಲ್ಲ? ಹಗಲಿನಲ್ಲಿ ಮೇಲಕ್ಕೆ ಹೋಗಿ ಕಳೆದುಹೋಗುತ್ತಿದ್ದ ಮೊರೆತ ರಾತ್ರಿ ನೆಲದ ಕಡೆಗೆ ಬಾಗಿ ಅಕ್ಕನ ಮನೆಯ ಕಿಟಕಿಗೆ ಬರುತ್ತದೆ. ಬೆಳಿಗ್ಗೆ ಅಲೆಯನ್ನು ದಡಕ್ಕೆ ತಿರುಗಿಸಿದ ಅದೇ ಎತ್ತಿನ ಗಾಡಿ.

"ಊಟಕ್ಕೆ ಏಳ್ತೀಯೋ ಇಲ್ವೋ?" ಅಕ್ಕ ಅಡುಗೆಮನೆಯಿಂದ ಕೂಗಿದಳು. ಅವಳ ದನಿ ಬಾಗಿಲಲ್ಲಿ ಬಳಸಿ ಬಂತು, ಅವಳು ಕಾಣಲಿಲ್ಲ. ದನಿಯ ಅಲೆ ಹೆಚ್ಚುಕಡಿಮೆ ಬಾಗಿಲಿನಷ್ಟೇ ಉದ್ದ, ಒಂದು ಮೀಟರ್ ಆಸುಪಾಸು. ತನ್ನ ಗಾತ್ರದ ಸಂದು ಸಿಕ್ಕರೆ ಅಲೆ ಆಚೆ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಬೆಳಕಿನ ಅಲೆ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲು. ಅದಕ್ಕೆ ನಮ್ಮ ಬಾಗಿಲು ಒಂದು ಬಯಲು, ನೇರ ಹೋಗಿಬಿಡುತ್ತದೆ. ಬೆಳಕಿನ ಕತೆ ಬೇರೆಯದೇ. ಅದರಲ್ಲಿ ಅಲುಗಲು ನೀರೂ ಇಲ್ಲ, ಗಾಳಿಯೂ ಇಲ್ಲ. ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳೇ ಅಲುಗುತ್ತಾ ಖಾಲಿ ಜಾಗದಲ್ಲಿ ಬರುತ್ತವೆ. ಅದನ್ನು ಒಪ್ಪಲು ವಿಜ್ಞಾನಿಗಳಿಗೇ ಬಹಳ ಕಾಲ ಹಿಡಿಯಿತು, ನಾನು ಊಟಕ್ಕೆ ಎದ್ದೆ.

ಬೆಂಗಳೂರಿಗೆ ವಾಪಸ್ ಬಂದ ನಾಲ್ಕನೇ ದಿನ ಭಾವನ ಫೋನ್ ಬಂತು. ತ್ರಾಸಿ ಕಡೆ ವಾಕಿಂಗ್ ಹೋಗಿದ್ದರಂತೆ. ಮರಳಿನಲ್ಲಿ ಒಂದು ಚಪ್ಪಲಿ ಸಿಕ್ಕಿದೆ, ನೀಲಿ ಬಾರು, ನಿನ್ನದೇ ಇರಬೇಕು ಅಂದರು. ಮಧ್ಯಾಹ್ನದ ವಾಯವ್ಯದ ಗಾಳಿ ದಡದ ನೀರನ್ನು ದಕ್ಷಿಣಕ್ಕೆ ತಳ್ಳುತ್ತದೆ, ತ್ರಾಸಿ ಇರುವುದೂ ಆ ಕಡೆಗೇ. ಅಜ್ಜ ಹೇಳಿದ್ದು ಸರಿಯಾಯಿತು, ಅಲೆ ಹೋಗುವುದು ಬೇರೆ, ನೀರು ಹೋಗುವುದು ಬೇರೆ. ನನಗೆ ಖುಷಿಯೋ ಖುಷಿ.

"ಭಾವ, ಸರಿಯಾಗಿ ನೋಡಿ ಹೇಳಿ. ಎಡಗಾಲಿಂದಾ, ಬಲಗಾಲಿಂದಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಗಾಳಿಯ ಸದ್ದು, ಅದರ ಹಿಂದೆ ಕಡಲು.

"ಬಲಗಾಲಿಂದು ಮಾರಾಯ," ಅಂದರು.